ಸಫಾರಿಯನ್ನು 45 ಮಿಲಿಮೀಟರ್ ತಗ್ಗಿಸಿದ್ದು: ನನ್ನ ಅನುಭವ

ನನ್ನ 2011ರ ಟಾಟಾ ಸಫಾರಿ ಡೈಕೋರ್ ಗಾಡಿ ಈಗ ಮುಂದೆಯೂ ಹಿಂದೆಯೂ ಮೊದಲಿಗಿಂತ 45 ಮಿ.ಮೀ. ತಗ್ಗಾಗಿ ನಿಂತಿದೆ. ಹಾಗೆ ನಿಂತ ಮೇಲೆ ಸುಮಾರು 18 ಸಾವಿರ ಕಿಲೋಮೀಟರ್ ಓಡಿದೆ, ಟೈರುಗಳು ಸಮನಾಗಿ ಸವೆದಿವೆ, ಸ್ಪ್ರಿಂಗುಗಳು ಕುಸಿದಿಲ್ಲ. ಇದು ಆಗದ ಕೆಲಸವೆಂದು ಪುಣೆಯಲ್ಲಿ ನನಗೆ ಹೇಳದವರೇ ಇರಲಿಲ್ಲ. ನಿಗಡಿಯಲ್ಲಿರುವ ನನ್ನ ಹುಬ್ಬಳ್ಳಿಯ ಗೆಳೆಯನಂತೂ, "ಎತ್ತರದ ಗಾಡಿ ತಗೊಂಡು ತಗ್ಗಸಾಕ ರೊಕ್ಕಾ ಸುರೀತೀಯಲ್ಲೋ ಮಾರಾಯಾ" ಎಂದು ಸಿಕ್ಕಾಗಲೆಲ್ಲ ಕೇಳುತ್ತಿದ್ದ. ನನಗೆ ಎರಡು ಕಾರಣಗಳಿದ್ದವು. ಧಾರವಾಡದಿಂದ ಬಂದು ನಮ್ಮೊಂದಿಗಿರುವ ತಾಯಿಗೆ ಮೊಣಕಾಲು ನೋವಿದ್ದು, ಗಾಡಿ ಹತ್ತಲು ಪ್ರತಿ ಸಲವೂ ಸ್ಟೂಲು ಬೇಕಾಗುತ್ತಿತ್ತು. ಊರಿಗೆ ಹೋಗುವಾಗ ಖಂಬಾಟಕಿ ಘಾಟಿನ ತಿರುವುಗಳಲ್ಲಿ ಗಾಡಿ ವಾಲುತ್ತಿದ್ದ ರೀತಿಯೂ ನನಗೆ ಎಂದೂ ಸಮಾಧಾನ ಕೊಟ್ಟಿರಲಿಲ್ಲ.

ಮೊದಲ ತಪ್ಪು ಹಿಂಭಾಗದ ಸ್ಪ್ರಿಂಗುಗಳಲ್ಲಿ ಆಯಿತು. ಪಿಂಪ್ರಿ ಕಡೆಯ ಒಂದು ಗ್ಯಾರೇಜಿನವರು "ಒಂದೂವರೆ ಸುತ್ತು ಕತ್ತರಿಸಿದರೆ ಮುಗಿಯಿತು" ಎಂದು ಹೇಳಿ, ಕಂಪನಿಯ ಸ್ಪ್ರಿಂಗುಗಳನ್ನೇ ಗ್ಯಾಸ್ ಕಟ್ಟರ್‌ನಿಂದ ಕತ್ತರಿಸಿ ಕೊಟ್ಟು 2,500 ರೂಪಾಯಿ ತೆಗೆದುಕೊಂಡರು. ಬೆಂಕಿ ತಾಕಿದ ಕಡೆ ಉಕ್ಕಿನ ಹದ ಹೋಗುತ್ತದೆಂಬುದು ಗೊತ್ತಿದ್ದೂ ನಾನು ಎದುರಿಗೇ ನಿಂತು ಸುಮ್ಮನಿದ್ದೆ. ಮೂರು ವಾರದಲ್ಲಿ ಎಡಭಾಗ ಬಲಕ್ಕಿಂತ 12 ಮಿ.ಮೀ. ಕೆಳಗಿಳಿಯಿತು. ಸಾತಾರಕ್ಕೆ ಹೋಗುವಾಗ ಪ್ರತಿ ಹಂಪಿನ ಮೇಲೂ ಟಕ್ ಎಂಬ ಸದ್ದು ಬರತೊಡಗಿತು. ಮರಳಿ ಬಂದು ಗಾಡಿಯನ್ನು ಲಿಫ್ಟಿಗೇರಿಸಿದಾಗ, ಚಕ್ರ ಪೂರ್ತಿ ಕೆಳಗೆ ಜೋತ ಕೂಡಲೇ ಸ್ಪ್ರಿಂಗು ತನ್ನ ಸೀಟಿನಿಂದ ಕಳಚಿ ಕೈಗೇ ಬಂತು.

ಆಮೇಲೆ ಕುದಳವಾಡಿಯ ಗುಜರಿಯಲ್ಲಿ ಹಳೆಯ ಜೋಡಿಯೊಂದನ್ನು 1,800 ರೂಪಾಯಿಗೆ ತಂದು, ಗ್ರೈಂಡರಿನ ತೆಳು ಡಿಸ್ಕಿನಿಂದ ನೀರು ಹಾಕುತ್ತ ನಾನೇ ಒಂದು ಸುತ್ತು ಕತ್ತರಿಸಿದೆ. ಹದವೇನೋ ಉಳಿಯಿತು, ಆದರೆ ಕೆಲಸ ಮಾಡುವ ಸುತ್ತುಗಳು ಏಳರಿಂದ ಆರಕ್ಕೆ ಇಳಿದದ್ದರಿಂದ ಸ್ಪ್ರಿಂಗು ಆರನೇ ಒಂದು ಪಾಲಿನಷ್ಟು ಬಿಗಿಯಾಯಿತು, ಹಳೆಯ ಶಾಕ್ ಅಬ್ಸಾರ್ಬರುಗಳಿಗೆ ಅದನ್ನು ಹಿಡಿದಿಡುವ ಶಕ್ತಿ ಇರಲಿಲ್ಲ. ಎಕ್ಸ್‌ಪ್ರೆಸ್‌ವೇಯ ಕಾಂಕ್ರೀಟ್ ಜೋಡಣೆಗಳ ಮೇಲೆ ಹಿಂಭಾಗ ಕುಣಿಯುವುದು ನಿಲ್ಲಲೇ ಇಲ್ಲ.

ಕೊನೆಗೆ ಭೋಸರಿಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಸ್ಪ್ರಿಂಗ್ ಕಾರ್ಖಾನೆಗೆ ಹೋದೆ. ಬಿಡಿಯಾಗಿದ್ದಾಗಿನ ಉದ್ದ ಎಷ್ಟಿರಬೇಕು, ಚಕ್ರ ಪೂರ್ತಿ ಜೋತಾಗಲೂ ಸೀಟಿನಲ್ಲಿ ಎಷ್ಟು ಒತ್ತಿ ಕುಳಿತಿರಬೇಕು ಎಂದು ಲೆಕ್ಕ ಹಾಕಿ ಹೊಸ ಜೋಡಿ ಸುತ್ತಿಸಿದೆ. ತಂತಿಯ ದಪ್ಪವನ್ನೂ ಮೇಲಿನ ಕೊನೆಯ ಸುತ್ತಿಗೆ ಕೊಡಿಸಿದ ಆಕಾರವನ್ನೂ ಇಲ್ಲಿ ಬರೆಯುವುದಿಲ್ಲ, ಅದಕ್ಕೆ ನನ್ನ ನಾಲ್ಕು ತಿಂಗಳು ಖರ್ಚಾಗಿವೆ. 9,500 ರೂಪಾಯಿಯ ಆ ಮೊದಲ ಜೋಡಿಯೂ ಒಂದೇ ತಿಂಗಳಲ್ಲಿ 15 ಮಿ.ಮೀ. ಕುಸಿಯಿತು. ಸುತ್ತಿ, ಹದ ಹಾಕಿದ ಮೇಲೆ ಸ್ಪ್ರಿಂಗನ್ನು ಪ್ರೆಸ್ಸಿನಲ್ಲಿಟ್ಟು ಒಂದು ಸುತ್ತು ಇನ್ನೊಂದಕ್ಕೆ ತಾಗುವಷ್ಟು ಹಲವು ಬಾರಿ ಅದುಮಿ, ಕುಸಿಯುವುದೆಲ್ಲ ಅಲ್ಲಿಯೇ ಕುಸಿದುಬಿಡುವಂತೆ ಮಾಡಬೇಕು. ಅವರು ಆ ಹಂತವನ್ನೇ ಬಿಟ್ಟಿದ್ದರು. ಎರಡನೇ ಜೋಡಿಯನ್ನು ಕೂಲಿ ಮಾತ್ರ ತೆಗೆದುಕೊಂಡು, ಅಂದರೆ 4,000 ರೂಪಾಯಿಗೆ, ಮಾಡಿಕೊಟ್ಟರು. ಈ ಸಲ ಪ್ರೆಸ್ಸಿನ ಪಕ್ಕದಲ್ಲಿ ನಿಂತು ಪ್ರತಿಯೊಂದನ್ನೂ ಐದೈದು ಸಲ ಅದುಮಿಸಿ, ಅದುಮಿದಷ್ಟೂ ಸಲ ಉದ್ದ ಅಳೆದುಕೊಂಡೆ. ಆ ಜೋಡಿಯೇ ಇವತ್ತಿಗೂ ಗಾಡಿಯಲ್ಲಿದೆ.

ಮುಂಭಾಗದಲ್ಲಿರುವುದು ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು, ಆದ್ದರಿಂದ ಅಲ್ಲಿ ಸ್ಪ್ರಿಂಗಿನ ಖರ್ಚಿಲ್ಲ, ಬೋಲ್ಟು ಸಡಿಲಿಸಿದರಾಯಿತು. ನನ್ನ ಗಾಡಿಗೆ ಆರು ಸುತ್ತಿನ ಆಸುಪಾಸು ಬೇಕಾಯಿತು, ಎಡಕ್ಕೂ ಬಲಕ್ಕೂ ಒಂದೇ ಲೆಕ್ಕ ಬರಲಿಲ್ಲ. ಅಳತೆಯನ್ನು ನೆಲದಿಂದ ತೆಗೆಯದೆ ಚಕ್ರದ ಹಬ್ಬಿನ (ನಡುಗುಂಬದ) ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ತೆಗೆಯಬೇಕು. ಜಾಕಿನಿಂದ ಇಳಿಸಿದ ಮೇಲೆ ಗಾಡಿಯನ್ನು ಹತ್ತಿಪ್ಪತ್ತು ಮೀಟರ್ ಹಿಂದೆ ಮುಂದೆ ಓಡಿಸದೆ ಅಳೆದರೆ ಆ ಅಂಕಿ ಸುಳ್ಳು. ಬೋಲ್ಟು ಸಡಿಲಿಸಿದರೆ ಮುಂಭಾಗ ಮೆತ್ತಗಾಗುತ್ತದೆಂದು ಅನೇಕ ಮೆಕ್ಯಾನಿಕರು ಇಂದಿಗೂ ನಂಬಿದ್ದಾರೆ. ಬಾರಿನ ಬಿಗಿ ಒಂದಿಷ್ಟೂ ಬದಲಾಗುವುದಿಲ್ಲ, ಬದಲಾಗುವುದು ಎತ್ತರ ಮಾತ್ರ. ಒರಟುತನ ಬರುವುದು ಚಕ್ರ ಹಿಡಿದಿರುವ ಕೆಳಗಿನ ಆರ್ಮು, ಅದು ಮೇಲೇರುವುದನ್ನು ತಡೆಯುವ ಬಂಪ್ ಸ್ಟಾಪರಿಗೆ ಬೇಗ ಬಡಿಯುವುದರಿಂದ. ಸ್ಟಾಪರ್ ಕಿತ್ತೆಸೆಯಿರಿ ಎಂಬ ಸಲಹೆ ನನಗೂ ಬಂದಿತ್ತು, ಆದರೆ ಹಾಗೆ ಮಾಡಿದರೆ ಶಾಕ್ ಅಬ್ಸಾರ್ಬರು ಒಳಗೇ ತಳ ಮುಟ್ಟಿ ಒಡೆಯುತ್ತದೆ. ನಾನು ನಾನಾ ಪೇಠಿನಿಂದ 1,600 ರೂಪಾಯಿಯ ಸ್ಟಾಪರುಗಳನ್ನು ತಂದು, ತುದಿಯಿಂದ 20 ಮಿ.ಮೀ. ಮಾತ್ರ ಕೊಯ್ದು ಕೂಡಿಸಿದೆ. ಯಾವ ಗಾಡಿಯ ಸ್ಟಾಪರೆಂಬುದನ್ನು ಕೇಳಬಾರದು. ನಾಲ್ಕು ಹೊಸ ಶಾಕ್ ಅಬ್ಸಾರ್ಬರುಗಳಿಗೆ 16 ಸಾವಿರ ಹೋಯಿತು, ಅದರಲ್ಲಿ ಉಳಿತಾಯ ಮಾಡುವ ಮಾತೇ ಬೇಡ.

ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟಿನಲ್ಲಿ ನಾನು ಮಾಡಿದ ಸೋಮಾರಿತನಕ್ಕೆ ದುಬಾರಿ ದಂಡ ತೆತ್ತಿದ್ದೇನೆ. ಮುಂಭಾಗ ಇಳಿಸಿದ ಮೇಲೆ ಚಕ್ರಗಳ ತಲೆ ಒಳಕ್ಕೆ ವಾಲುತ್ತದೆ, ಟೋ, ಅಂದರೆ ಚಕ್ರಗಳು ನೇರ ಮುಂದಕ್ಕೆ ನೋಡುವ ಕೋನ, ಕೂಡ ಕೆಡುತ್ತದೆ. ಹಿಂಭಾಗ ಮುಗಿದ ಮೇಲೆ ಒಂದೇ ಸಲ ಮಾಡಿಸೋಣವೆಂದು ಎರಡು ತಿಂಗಳು ಹಾಗೆಯೇ ಓಡಿಸಿ, ಎರಡು ಮುಂದಿನ ಟೈರುಗಳನ್ನು ಒಳ ಅಂಚಿನಲ್ಲಿ ತಂತಿ ಕಾಣುವವರೆಗೆ ಸವೆಸಿದೆ. 14 ಸಾವಿರ ನೀರಿಗೆ ಹೋಯಿತು.

ಇದೆಲ್ಲಕ್ಕಿಂತ ನನ್ನನ್ನು ಬೆದರಿಸಿದ್ದು ಬ್ರೇಕು. ಜುಲೈ ತಿಂಗಳ ಮಳೆಯಲ್ಲಿ ಹೊಸ ಕಾತ್ರಜ್ ಸುರಂಗ ದಾಟಿ ನವಲೆ ಸೇತುವೆಯ ಇಳಿಜಾರಿಗೆ ಬರುತ್ತಿದ್ದಾಗ, ಮುಂದಿನ ಟೆಂಪೊ ನಿಧಾನವಾದದ್ದನ್ನು ಕಂಡು ಸಾಧಾರಣವಾಗಿಯೇ ಬ್ರೇಕ್ ತುಳಿದೆ. ಹಿಂದಿನ ಚಕ್ರಗಳೆರಡೂ ಕಚ್ಚಿಕೊಂಡು ಗಾಡಿಯ ಬಾಲ ಅರ್ಧ ಲೇನು ಪಕ್ಕಕ್ಕೆ ಸರಿಯಿತು. ಪಕ್ಕದಲ್ಲಿ ಯಾರೂ ಇಲ್ಲದ್ದರಿಂದ ಉಳಿದೆವು. ತಾಯಿ ಹಿಂದಿನ ಸೀಟಿನಲ್ಲಿದ್ದರು. ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ಎಬಿಎಸ್ ಇಲ್ಲದ ನನ್ನ ಗಾಡಿಯಲ್ಲಿ ಹಿಂದಿನ ಆಕ್ಸಲಿಗೂ ಚಾಸಿಗೂ ನಡುವೆ ಹೊರೆ ನೋಡಿ ಬ್ರೇಕಿನ ಒತ್ತಡ ಹಂಚುವ ಒಂದು ವಾಲ್ವ್ ಇದೆ. ಗಾಡಿ ತಗ್ಗಿದಾಗ ಅದರ ಪಾಲಿಗೆ ಹಿಂದೆ ಐದಾರು ಮೂಟೆ ಹೊರೆ ಹೇರಿದಂತೆಯೇ ಸರಿ, ಆದ್ದರಿಂದ ಹಿಂದಿನ ಚಕ್ರಗಳಿಗೆ ಬೇಡದಷ್ಟು ಒತ್ತಡ ಕಳಿಸುತ್ತದೆ. ಎತ್ತರ ಇಳಿಸುವ ಮೊದಲೇ ಆ ವಾಲ್ವಿನ ಕಡ್ಡಿ ಯಾವ ಕೋನದಲ್ಲಿದೆಯೆಂದು ಗುರುತು ಹಾಕಿಕೊಳ್ಳಬೇಕಿತ್ತು, ನಾನು ಹಾಕಿರಲಿಲ್ಲ. ನಮ್ಮ ಸೊಸೈಟಿಯಲ್ಲೇ ಇದ್ದ ಇನ್ನೊಂದು ಸಫಾರಿಯ ಕೆಳಗೆ ಮಲಗಿ ಅಳತೆ ತೆಗೆದು, 700 ರೂಪಾಯಿಗೆ ಒಂದು ಬ್ರಾಕೆಟ್ ಮಾಡಿಸಿ, ಕಡ್ಡಿಯನ್ನು ಮೊದಲಿನ ಕೋನಕ್ಕೇ ತಂದೆ. ಖಾಲಿ ರಸ್ತೆಯಲ್ಲಿ ನೀರು ಸುರಿಸಿ ಮೂವತ್ತು ಸಲವಾದರೂ ಬ್ರೇಕ್ ತುಳಿದು ನೋಡಿದ ಮೇಲೆಯೇ ಮನೆಯವರನ್ನು ಕೂಡಿಸಿಕೊಂಡೆ. ಗಾಡಿ ತಗ್ಗಿಸಿದವರು ಬೇರೇನು ಬಿಟ್ಟರೂ ಇದನ್ನು ಬಿಡಬಾರದೆಂದು ಕೈ ಮುಗಿದು ಕೇಳಿಕೊಳ್ಳುತ್ತೇನೆ.

ನಡುವೆ ಟೈರಿನದೂ ಒಂದು ಪ್ರಯೋಗ ಮಾಡಿದೆ. 235/70 ಆರ್16ರ ಬದಲು ಪರಿಚಯದವರಿಂದ 235/60ರ, ಅಂದರೆ ಪಕ್ಕದ ಗೋಡೆ ತಗ್ಗಾಗಿರುವ, ನಾಲ್ಕು ಟೈರು ತಂದು ಹಾಕಿದರೆ ಗಾಡಿ ಏನೂ ಬಿಚ್ಚದೆ 23 ಮಿ.ಮೀ. ಇಳಿಯಿತು. ಆದರೆ ಸ್ಪೀಡೋಮೀಟರು ನೂರು ತೋರಿಸುವಾಗ ನಿಜವಾದ ವೇಗ ತೊಂಬತ್ತಮೂರೋ ತೊಂಬತ್ನಾಲ್ಕೋ ಇರುತ್ತಿತ್ತು, ಟೈರಿನ ಹೊರೆ ಹೊರುವ ಶಕ್ತಿಯೂ ಕಡಿಮೆ. ಮುಖ್ಯವಾಗಿ, ಹಿಂದಿನ ಆಕ್ಸಲಿನ ನಡುವಿನ ಗೇರುಗುಂಡು, ಅಂದರೆ ಡಿಫರೆನ್ಶಿಯಲ್, ನೆಲಕ್ಕೆ ಹತ್ತಿರವಾಯಿತು. ಸ್ಪ್ರಿಂಗಿನಿಂದ ಇಳಿಸಿದರೆ ಬಾಡಿ ಮಾತ್ರ ಇಳಿಯುತ್ತದೆ, ಆಕ್ಸಲ್ ಇದ್ದಲ್ಲೇ ಇರುತ್ತದೆ. ಹಂಪು ತಾಗುತ್ತದೆಂದು ಹೆದರಿಸಿದವರು ಈ ವ್ಯತ್ಯಾಸವನ್ನು ಎಣಿಸಿರಲಿಲ್ಲ. ನಿಯಮದಂತೆ ಕಟ್ಟಿದ ಹಂಪು 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರುತ್ತದೆ, ಅದರ ಮೇಲೆ ನನ್ನ ಗಾಡಿ ಒಮ್ಮೆಯೂ ತಾಗಿಲ್ಲ. ಸೊಸೈಟಿಗಳವರು ತಾವೇ ಕಟ್ಟಿಕೊಂಡ ಚೂಪು ದಿಬ್ಬಗಳ ಮೇಲೆ ಪಕ್ಕದ ಫುಟ್‌ಸ್ಟೆಪ್ ಉಜ್ಜುತ್ತಿತ್ತು, ಅದನ್ನು ಒಂದಿಂಚು ಮೇಲಕ್ಕೆತ್ತಿ ಕಟ್ಟಿಸಿದೆ. ಹಿಂದಿನ ಆಕ್ಸಲನ್ನು ಅಡ್ಡಲಾಗಿ ಚಾಸಿಗೆ ಹಿಡಿದಿಡುವ ಪ್ಯಾನ್‌ಹಾರ್ಡ್ ರಾಡಿನಿಂದ, ಗಾಡಿ ತಗ್ಗಿದಾಗ ಆಕ್ಸಲ್ ಪಕ್ಕಕ್ಕೆ ಸರಿಯುತ್ತದೆಂಬ ಇನ್ನೊಂದು ಹೆದರಿಕೆಯೂ ಇತ್ತು. ತೂಗುಗುಂಡು ಬಿಟ್ಟು ಅಳೆದರೆ ಸರಿದದ್ದು ಮೂರು ಮಿ.ಮೀ., ಹಾಗೆಯೇ ಬಿಟ್ಟೆ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಮಾರ್ಪಾಡುಗಳ ಬಗ್ಗೆ ಬಿಗಿಯಾಗಿದೆ, 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನು ಎತ್ತಿ ಹಿಡಿದಿದೆ. ಆದ್ದರಿಂದ ಚಾಸಿಗೆ ಎಲ್ಲಿಯೂ ವೆಲ್ಡಿಂಗ್ ತಾಗಿಸಿಲ್ಲ. ಗ್ಯಾಸಿಗೆ ಬಲಿಯಾದ ಜೋಡಿಯ ಬದಲು ಕಂಪನಿಯ ಹೊಸ ಸ್ಪ್ರಿಂಗುಗಳನ್ನು 6,000 ರೂಪಾಯಿಗೆ ಕೊಂಡು, ಗ್ರೀಸ್ ಹಚ್ಚಿ ಗೋಣಿಯಲ್ಲಿ ಸುತ್ತಿಟ್ಟಿದ್ದೇನೆ. ಅರ್ಧ ದಿನ ಸಿಕ್ಕರೆ ಗಾಡಿ ಮೊದಲಿನಂತಾಗುತ್ತದೆ.

ಒಟ್ಟು ಖರ್ಚು ನೆನಪಿನ ಲೆಕ್ಕದಲ್ಲಿ 61-62 ಸಾವಿರ. ಇಷ್ಟು ಕಲಿತ ಮೇಲೆ ಇನ್ನೊಂದು ಗಾಡಿಗೆ ಮಾಡಬೇಕಾದರೆ 29 ಸಾವಿರದಲ್ಲಿ ಮುಗಿಸಬಲ್ಲೆ. ಸಾಧ್ಯವೇ ಇಲ್ಲವೆಂದಿದ್ದ ಭೋಸರಿಯ ಮೇಸ್ತ್ರಿಯೇ ಈಗ ತನ್ನ ಇಬ್ಬರು ಗಿರಾಕಿಗಳನ್ನು ನನ್ನ ಗಾಡಿ ನೋಡಲು ಕಳಿಸಿದ್ದಾನೆ. ತಾಯಿ ಸ್ಟೂಲಿಲ್ಲದೆ ಹಿಡಿಕೆ ಹಿಡಿದು ಹತ್ತುತ್ತಾರೆ. ಏಳು ಜನ ತುಂಬಿಕೊಂಡು ಬೆಳಗಾವಿಗೆ ಹೋಗುವಾಗ ಮಾತ್ರ ಹಿಂಭಾಗ ಇನ್ನೂ ಆಗಾಗ ಸ್ಟಾಪರಿಗೆ ತಾಗುತ್ತದೆ. ಅದಕ್ಕಾಗಿ, ಹೊರೆ ಹೆಚ್ಚಿದಾಗ ಬಿಗಿಯಾಗಲೆಂದು ಕೆಳಗಿನ ಎರಡು ಸುತ್ತುಗಳನ್ನು ಒತ್ತೊತ್ತಾಗಿ ಸುತ್ತಿಸಿದ ಮೂರನೇ ಜೋಡಿಯೊಂದಕ್ಕೆ ಕಳೆದ ವಾರ ಮುಂಗಡ ಕೊಟ್ಟು ಬಂದಿದ್ದೇನೆ.