ವಿಚ್ಛೇದನ ಕೇಸಿನ ನಡುವೆ ವಕೀಲರನ್ನು ಬದಲಿಸಿದ್ದು ಹೀಗೆ

ವಿಚ್ಛೇದನ, ಮಗುವಿನ ಸುಪರ್ದಿ ಎರಡಕ್ಕೂ ವಾಯಿದೆ ಮೇಲೆ ವಾಯಿದೆ. ಫೀಸು ಬಾಕಿಯೆಂದು ಹಳೆಯ ವಕೀಲರು ಫೈಲೂ ಕೊಡರು, ಎನ್‌ಒಸಿಯೂ (ಬೇರೆ ವಕೀಲರು ಬರಲು ಆಕ್ಷೇಪಣೆ ಇಲ್ಲವೆಂಬ ಪತ್ರ) ಕೊಡರು.

ಫೋನು, ವಾಟ್ಸ್‌ಆ್ಯಪ್, ಅಲೆದಾಟ ಉಪಯೋಗಕ್ಕೆ ಬರಲಿಲ್ಲ. ಹೊಸ ವಕಾಲತ್ತು (ವಕೀಲರನ್ನು ನೇಮಿಸುವ ಪತ್ರ) ನೇರವಾಗಿ ಹಾಕಿದರೆ ಎನ್‌ಒಸಿ ಇಲ್ಲವೆಂಬ ಆಕ್ಷೇಪಣೆ.

ಕೆಲಸ ಆಗಿದ್ದು ಈ ಕ್ರಮದಲ್ಲಿ: ಮೊದಲು ಇ-ಕೋರ್ಟ್ಸ್ ಆ್ಯಪಿನಲ್ಲಿ 16 ಅಕ್ಷರಗಳ ಸಿಎನ್‌ಆರ್ (ಕೇಸಿನ ಗುರುತು ಸಂಖ್ಯೆ) ಹಾಕಿ ಮುಂದಿನ ದಿನಾಂಕ ನೋಡಿಕೊಳ್ಳಬೇಕು. ಆಮೇಲೆ ಹಳೆಯ ವಕೀಲರಿಗೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ: ‘ವಕಾಲತ್ತು ಹಿಂಪಡೆಯುತ್ತಿದ್ದೇನೆ, ಫೈಲು ಮರಳಿಸಿ.’ ನಂತರ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆದೇಶ 3, ನಿಯಮ 4ರ ಅಡಿ ನ್ಯಾಯಾಲಯದ ಅನುಮತಿ ಕೋರುವ ಅರ್ಜಿ. ಅದರಲ್ಲಿ ಕಕ್ಷಿದಾರರದೇ ಸಹಿ. ಜೊತೆಗೆ ಪತ್ರದ ಪ್ರತಿ, ಅಂಚೆ ರಸೀದಿ, ಹೊಸ ವಕಾಲತ್ತು. ಎರಡು ಕೇಸಿದ್ದರೆ ಎರಡು ಸೆಟ್ಟು. ಜನ ಎಡವುವುದು ಇಲ್ಲೇ.

ಫೀಸಿಗಾಗಿ ಫೈಲು ತಡೆಹಿಡಿಯುವ ಹಕ್ಕು ವಕೀಲರಿಗಿಲ್ಲವೆಂದು ಸುಪ್ರೀಂ ಕೋರ್ಟ್ 2000ರಲ್ಲೇ ಹೇಳಿದೆ. ಆದರೂ ಫೈಲು ಬರದಿದ್ದರೆ, ನ್ಯಾಯಾಲಯದಲ್ಲಿ ಕಾಪಿ ಅರ್ಜಿ ಹಾಕಿ ದೃಢೀಕೃತ ನಕಲು ತೆಗೆಸಿಕೊಳ್ಳಬಹುದು.