ಯುರೋಪಿಗೆ ರಾಸಾಯನಿಕ ಕಳಿಸಬೇಕೇ? ಐಯುಕ್ಲಿಡ್‌ನಲ್ಲಿ ಡಾಸಿಯರ್ ಮಾಡುವುದು ಹೀಗೆ

ನೇಲ್ ಪಾಲಿಶ್ ಒರೆಸುವ ದ್ರವದ ಬಾಟಲಿ ತೆರೆದರೆ ಹಣ್ಣಿನಂಥ ಸಿಹಿ ವಾಸನೆ ಬರುತ್ತದೆ, ಅಲ್ವಾ? ಎಷ್ಟೋ ಬಾಟಲಿಗಳಲ್ಲಿ ಅದು ಈಥೈಲ್ ಅಸಿಟೇಟ್‌ನ ವಾಸನೆ. ಬಣ್ಣ, ಇಂಕು, ಅಂಟು, ಔಷಧ ತಯಾರಿಕೆ ಎಲ್ಲದಕ್ಕೂ ಬೇಕಾಗುವ ದ್ರಾವಕ ಅದು. ನಮ್ಮಲ್ಲಿನ ಒಂದು ಕಾರ್ಖಾನೆ ಅದನ್ನು ಜರ್ಮನಿಗೋ ಇಟಲಿಗೋ ವರ್ಷಕ್ಕೆ 1 ಟನ್ ಅಥವಾ ಅದಕ್ಕಿಂತ ಜಾಸ್ತಿ ಕಳಿಸುವುದಾದರೆ, ಮಾಲು ಅಲ್ಲಿ ಇಳಿಯುವ ಮೊದಲೇ ನೋಂದಣಿ ಆಗಿರಬೇಕು. ಐರೋಪ್ಯ ಒಕ್ಕೂಟದ ರೀಚ್ ಕಾನೂನು ಹೇಳುವುದು ಅದನ್ನೇ. 2007ರ ಜೂನ್ 1ರಿಂದ ಅದು ಜಾರಿಯಲ್ಲಿದೆ. ಮಾಹಿತಿ ಇಲ್ಲದಿದ್ದರೆ ಮಾರುಕಟ್ಟೆಯೂ ಇಲ್ಲ ಎಂಬುದು ಅದರ ತಿರುಳು.

ಆ ಮಾಹಿತಿಯನ್ನು ತುಂಬಿಸಿ ಕಟ್ಟಿಕೊಡುವ ಕಡತವೇ ಡಾಸಿಯರ್. ಕಟ್ಟುವ ಸಾಧನ ಐಯುಕ್ಲಿಡ್ ಎಂಬ ಸಾಫ್ಟ್‌ವೇರ್. ಹೆಲ್ಸಿಂಕಿಯಲ್ಲಿರುವ ಐರೋಪ್ಯ ರಾಸಾಯನಿಕ ಸಂಸ್ಥೆ, ಅಂದರೆ ಎಕಾ, ಇದನ್ನು ಒಇಸಿಡಿ ಎಂಬ ಹಲವು ದೇಶಗಳ ಆರ್ಥಿಕ ಸಹಕಾರ ಸಂಘಟನೆಯ ಜೊತೆ ಸೇರಿ ನಡೆಸುತ್ತದೆ. ಈಗ ಬಳಕೆಯಲ್ಲಿರುವ ಐಯುಕ್ಲಿಡ್ 6 ಬಂದದ್ದು 2016ರಲ್ಲಿ. ದುಡ್ಡು ಕೊಡಬೇಕಿಲ್ಲ.

ಈ ಕೆಲಸಕ್ಕೆ ಬರುವ ಹೊಸಬರಿಗೆ ನಾನು ಮೊದಲು ಹೇಳುವುದು ಒಂದೇ ಮಾತು. ಸಾಫ್ಟ್‌ವೇರ್ ಖಾಲಿ ಜಾಗ ತೋರಿಸುತ್ತದೆ, ಅಷ್ಟೇ. ನಿಮ್ಮ ಡ್ರಮ್‌ನಲ್ಲಿ ಏನಿದೆ ಎಂದು ನೀವು ಸರಿಯಾಗಿ ಹೇಳದಿದ್ದರೆ ಮುಂದಿನ ನೂರು ಪುಟ ಸರಿಯಿದ್ದರೂ ಪ್ರಯೋಜನವಿಲ್ಲ.

ಕಂಪ್ಯೂಟರ್ ತೆರೆಯುವ ಮೊದಲು

ಭಾರತದ ಕಂಪನಿ ನೇರವಾಗಿ ನೋಂದಣಿ ಮಾಡಿಸುವಂತಿಲ್ಲ. ಒಂದೋ ಅಲ್ಲಿನ ಆಮದುದಾರರು ಮಾಡಿಸಬೇಕು, ಇಲ್ಲವೇ ಒಕ್ಕೂಟದೊಳಗೆ ಇರುವ ಒಬ್ಬರನ್ನು ನೀವು 'ಓನ್ಲಿ ರೆಪ್ರೆಸೆಂಟೇಟಿವ್' ಆಗಿ ನೇಮಿಸಬೇಕು. ಆಫೀಸುಗಳಲ್ಲಿ ಇವರನ್ನು ಓಆರ್ ಎನ್ನುತ್ತಾರೆ. ನಾನು ಓಆರ್ ದಾರಿಯನ್ನೇ ಹಿಡಿಯಿರಿ ಎನ್ನುತ್ತೇನೆ. ಆಮದುದಾರರು ನೋಂದಣಿ ಮಾಡಿಸಿದರೆ ನಾಳೆ ಗಿರಾಕಿ ಬದಲಾದಾಗ ನಿಮ್ಮ ಕೈ ಖಾಲಿ. ಓಆರ್ ಮಾಡಿಸಿದರೆ ಒಂದೇ ನೋಂದಣಿಯಲ್ಲಿ ಹಲವು ಆಮದುದಾರರಿಗೆ ಮಾಲು ಕೊಡಬಹುದು. ಡಾಸಿಯರ್ ಸಲ್ಲಿಸುವುದು ಓಆರ್. ಆದರೆ ಅದನ್ನು ತಯಾರಿಸುವ ಕೆಲಸ ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಕೂತು ಮಾಡಬಹುದು.

ನಂತರ ಪ್ರಮಾಣ. 1ರಿಂದ 10, 10ರಿಂದ 100, 100ರಿಂದ 1000, 1000 ಟನ್‌ಗಿಂತ ಮೇಲೆ ಎಂದು ನಾಲ್ಕು ಹಂತಗಳಿವೆ. ಹಂತ ಏರಿದಂತೆ ಕೇಳುವ ಪರೀಕ್ಷೆಗಳೂ ಏರುತ್ತವೆ. 10 ಟನ್‌ನಿಂದ ಮೇಲೆ ರಾಸಾಯನಿಕ ಸುರಕ್ಷತಾ ವರದಿಯೂ ಬೇಕು. ಅದಕ್ಕೆ ಚೆಸಾರ್ ಎಂಬ ಇನ್ನೊಂದು ಸಾಧನವನ್ನು ಎಕಾ ಕೊಟ್ಟಿದೆ.

ಗಂಧದೆಣ್ಣೆ, ನಿಂಬೆಹುಲ್ಲಿನ ಎಣ್ಣೆಯವರಿಗೆ ಒಂದು ಮಾತು. ಗಿಡದಿಂದ ಬಂದದ್ದು, ಹಾಗಾಗಿ ವಿನಾಯಿತಿ ಇರುತ್ತದೆ ಎಂದು ಸುಮ್ನೆ ಕೂರಬೇಡಿ. ಅಡುಗೆ ಎಣ್ಣೆಯಂಥ ಸಸ್ಯ ಎಣ್ಣೆಗಳಿಗೆ ಸಿಗುವ ವಿನಾಯಿತಿ ಈ ಸುಗಂಧ ತೈಲಗಳಿಗೆ ಇಲ್ಲ.

ಎಲ್ಲಕ್ಕೂ ಮೊದಲು ಎಕಾಗೆ 'ಎನ್‌ಕ್ವೈರಿ' ಕಳಿಸಬೇಕು. ಇದೂ ಐಯುಕ್ಲಿಡ್‌ನಲ್ಲೇ ಮಾಡುವ ಚಿಕ್ಕ ಡಾಸಿಯರ್. ಇದೇ ವಸ್ತುವನ್ನು ಈಗಾಗಲೇ ಯಾರು ನೋಂದಾಯಿಸಿದ್ದಾರೆ ಎಂಬುದು ಇದರಿಂದ ತಿಳಿಯುತ್ತದೆ. ಒಂದು ವಸ್ತುವಿಗೆ ಒಂದೇ ನೋಂದಣಿ, ಎಲ್ಲರೂ ಅದರಲ್ಲಿ ಸೇರಬೇಕು ಎಂಬುದು ನಿಯಮ. ಈಥೈಲ್ ಅಸಿಟೇಟ್‌ನಂಥ ಹಳೆಯ ವಸ್ತುವಿಗೆ, ಎಲ್ಲರ ಪರವಾಗಿ ಮುಖ್ಯ ಡಾಸಿಯರ್ ಸಲ್ಲಿಸುವ ಮುಂದಾಳು ಕಂಪನಿ ಆಗಲೇ ಇರುತ್ತದೆ. ಪರೀಕ್ಷೆಗಳ ಸಾರಾಂಶವನ್ನು ಅವರೇ ಕೊಟ್ಟಿರುತ್ತಾರೆ. ನೀವು ನಿಮ್ಮ ಪಾಲಿನ ಖರ್ಚು ಕೊಟ್ಟು 'ಲೆಟರ್ ಆಫ್ ಆಕ್ಸೆಸ್', ಅಂದರೆ ಆ ಮಾಹಿತಿ ಬಳಸಲು ಒಪ್ಪಿಗೆ ಪತ್ರ, ಪಡೆದು ಸದಸ್ಯರಾಗುತ್ತೀರಿ. ಆಗ ನೀವು ತುಂಬಬೇಕಾದದ್ದು ಮುಖ್ಯವಾಗಿ ನಿಮ್ಮ ಕಂಪನಿ, ನಿಮ್ಮ ವಸ್ತುವಿನ ಗುರುತು, ತಯಾರಿಕೆ ಮತ್ತು ಬಳಕೆಯ ವಿವರ. ನಮ್ಮ ರಫ್ತುದಾರರಲ್ಲಿ ಹೆಚ್ಚಿನವರ ದಾರಿ ಇದೇ.

ಗುರುತಿನ ಪುಟ

ಐಯುಕ್ಲಿಡ್ ಅನ್ನು ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು, ಅಥವಾ ಎಕಾದ ಕ್ಲೌಡ್‌ನಲ್ಲೇ ಕೆಲಸ ಮಾಡಬಹುದು. ಕಂಪ್ಯೂಟರಿನಲ್ಲಿ ಇಟ್ಟುಕೊಂಡರೆ ಬ್ಯಾಕಪ್ ನಿಮ್ಮದೇ ಜವಾಬ್ದಾರಿ. ಪ್ರತಿ ಸಂಜೆ ಒಂದು ಪ್ರತಿ ಬೇರೆ ಡಿಸ್ಕ್‌ಗೆ ಹೋಗಲಿ. ಆವೃತ್ತಿ ಯಾವಾಗಲೂ ಹೊಸದೇ ಇರಲಿ.

ಮೊದಲು 'ಲೀಗಲ್ ಎಂಟಿಟಿ', ಅಂದರೆ ಸಲ್ಲಿಸುವವರ ಹೆಸರು, ವಿಳಾಸ. ಇದು ಓಆರ್ ಅವರ ರೀಚ್-ಐಟಿ (ಎಕಾಗೆ ಡಾಸಿಯರ್ ಸಲ್ಲಿಸುವ ಜಾಲತಾಣ) ಖಾತೆಯಲ್ಲಿ ಇರುವಂತೆಯೇ ಇರಬೇಕು. ಕೈಯಿಂದ ಟೈಪ್ ಮಾಡಬೇಡಿ. ಅವರಿಂದ ಫೈಲ್ ತರಿಸಿಕೊಂಡು ಇಂಪೋರ್ಟ್ ಮಾಡಿ.

ಆಮೇಲೆ ಹೊಸ 'ಸಬ್‌ಸ್ಟೆನ್ಸ್' ತೆರೆಯಿರಿ. ಅದಕ್ಕೆ 'ರೆಫರೆನ್ಸ್ ಸಬ್‌ಸ್ಟೆನ್ಸ್', ಅಂದರೆ ವಸ್ತುವಿನ ಹೆಸರು, ಸಂಖ್ಯೆಗಳಿರುವ ಗುರುತಿನ ದಾಖಲೆ, ಜೋಡಿಸಿ. ಈಥೈಲ್ ಅಸಿಟೇಟ್‌ನ ಸಿಎಎಸ್ ಸಂಖ್ಯೆ (ಜಗತ್ತಿನಾದ್ಯಂತ ಬಳಸುವ ಗುರುತಿನ ಸಂಖ್ಯೆ) 141-78-6, ಇಸಿ ಸಂಖ್ಯೆ (ಐರೋಪ್ಯ ಒಕ್ಕೂಟದ್ದು) 205-500-4. ಮೇಲ್ಗಡೆ 'ವರ್ಕಿಂಗ್ ಕಾಂಟೆಕ್ಸ್ಟ್' ಎಂಬಲ್ಲಿ ನಿಮ್ಮ ಟನ್ ಹಂತವನ್ನೂ, ನೀವು ಸದಸ್ಯರೋ ಮುಂದಾಳೋ ಎಂಬುದನ್ನೂ ಆರಿಸಿ. ಆಗ ಬೇಡದ ವಿಭಾಗಗಳು ಮರೆಯಾಗಿ, ತುಂಬಲೇಬೇಕಾದವು ಎದ್ದು ಕಾಣುತ್ತವೆ. ಇದನ್ನು ಆರಿಸದೆ ಶುರು ಮಾಡಿದವರು ಆ ಉದ್ದ ಪಟ್ಟಿ ನೋಡಿಯೇ ಸೋತುಹೋಗುತ್ತಾರೆ.

ಈಗ ವಿಭಾಗ 1.2, ಸಂಯೋಜನೆ. ಇಲ್ಲಿ ನಿಧಾನ ಮಾಡಿ. ಒಂದೇ ಮುಖ್ಯ ಘಟಕದ ವಸ್ತು ಎನ್ನಬೇಕಾದರೆ ಆ ಘಟಕ ಶೇ 80 ಅಥವಾ ಅದಕ್ಕಿಂತ ಹೆಚ್ಚಿರಬೇಕು. ಶೇ 1ಕ್ಕೆ ಮುಟ್ಟಿದ ಕಲ್ಮಶಗಳನ್ನು ಹೆಸರಿಸಬೇಕು. ವಸ್ತುವಿನ ಅಪಾಯದ ವರ್ಗೀಕರಣವನ್ನೇ ಬದಲಿಸುವ ಕಲ್ಮಶವಾದರೆ ಅದಕ್ಕಿಂತ ಕಡಿಮೆ ಇದ್ದರೂ ಬಿಡುವಂತಿಲ್ಲ. ಪ್ರತಿಯೊಂದಕ್ಕೂ ಸಾಮಾನ್ಯ ಪ್ರಮಾಣ, ಕನಿಷ್ಠ, ಗರಿಷ್ಠ ಬರೆಯಬೇಕು. ಈಥೈಲ್ ಅಸಿಟೇಟ್ ಶೇ 99.8, ಎಥನಾಲ್ 0.12, ನೀರು 0.08 ಎಂದು ಇಟ್ಟುಕೊಳ್ಳಿ. ಕೂಡಿದರೆ 100 ಬರಬೇಕು.

ನಾನು ಮೊದಲ ಸಲ ಇದನ್ನು ತುಂಬಿದಾಗ ಸಾಮಾನ್ಯ ಪ್ರಮಾಣವನ್ನು ಲ್ಯಾಬ್‌ನ ವಿಶ್ಲೇಷಣಾ ಪತ್ರದಿಂದ ತೆಗೆದೆ, ಕನಿಷ್ಠ-ಗರಿಷ್ಠವನ್ನು ಮಾರಾಟದ ಸ್ಪೆಸಿಫಿಕೇಶನ್ ಹಾಳೆಯಿಂದ ತೆಗೆದೆ. ಎರಡೂ ಬೇರೆ ಬೇರೆ ಗ್ರೇಡ್‌ನವು. 99.8 ಎಂಬ ಅಂಕಿ 99.0ರಿಂದ 99.5ರ ಮಿತಿಯ ಹೊರಗೆ ಹೋಗಿ ಕೂತಿತ್ತು. ಹಿರಿಯ ಸಹೋದ್ಯೋಗಿಯೊಬ್ಬರು ಬೆರಳಿಟ್ಟು ತೋರಿಸುವವರೆಗೆ ನನಗೆ ಕಂಡಿರಲಿಲ್ಲ. ಅಂದಿನಿಂದ ಈ ಪುಟ ತುಂಬುವಾಗ ಮೇಜಿನ ಮೇಲೆ ಒಂದೇ ಗ್ರೇಡ್‌ನ ಕಾಗದ ಬಿಟ್ಟು ಬೇರೇನೂ ಇಟ್ಟುಕೊಳ್ಳುವುದಿಲ್ಲ.

1.4ರಲ್ಲಿ ಪುರಾವೆ ಬೇಕು. ವಸ್ತು ಇದೇ ಎಂದು ತೋರಿಸುವ ಐಆರ್, ಎನ್ಎಮ್ಆರ್‌ನಂಥ ಸ್ಪೆಕ್ಟ್ರಾ, ಪ್ರಮಾಣ ತೋರಿಸುವ ಗ್ಯಾಸ್ ಕ್ರೊಮ್ಯಾಟೊಗ್ರಾಮ್. ಅದರಲ್ಲಿನ ಶೇಕಡಾ ಅಂಕಿಯೂ 1.2ರ ಅಂಕಿಯೂ ಒಂದಕ್ಕೊಂದು ತಾಳೆಯಾಗಬೇಕು.

ಪರೀಕ್ಷೆಗಳ ದಾಖಲೆ

ನೀವೇ ಮುಂದಾಳಾದರೆ, ಅಥವಾ ವಸ್ತು ಹೊಸದಾದರೆ, ನಿಜವಾದ ದುಡಿತ ಇಲ್ಲಿದೆ. ವಿಭಾಗ 4ರಲ್ಲಿ ಭೌತಿಕ ಗುಣಗಳು, 5ರಲ್ಲಿ ಪರಿಸರದಲ್ಲಿ ಅದು ಏನಾಗುತ್ತದೆ ಎಂಬುದು, 6ರಲ್ಲಿ ಜಲಚರ ಮುಂತಾದ ಜೀವಿಗಳ ಮೇಲಿನ ಪರಿಣಾಮ, 7ರಲ್ಲಿ ಮನುಷ್ಯರ ಆರೋಗ್ಯ. ಒಂದೊಂದು ಅಧ್ಯಯನಕ್ಕೂ ಒಂದೊಂದು ದಾಖಲೆ ಮಾಡಬೇಕು.

ಸುಲಭದ್ದನ್ನೇ ನೋಡೋಣ, ಕುದಿಬಿಂದು. ಪುಸ್ತಕದಲ್ಲಿ 77 ಡಿಗ್ರಿ ಸೆಲ್ಸಿಯಸ್ ಎಂದಿರುತ್ತದೆ. ಅಷ್ಟು ಬರೆದು ಮುಂದೆ ಹೋಗುವವರೇ ಜಾಸ್ತಿ. ಪಕ್ಕದಲ್ಲಿ ಒತ್ತಡ ಎಂಬ ಜಾಗವಿದೆ, ಅದನ್ನು ಖಾಲಿ ಬಿಡಬೇಡಿ. 77 ಡಿಗ್ರಿ ಎಂಬುದು 1013 ಹೆಕ್ಟೊಪಾಸ್ಕಲ್ ಒತ್ತಡದಲ್ಲಿ. ಸಮುದ್ರದ ಪಕ್ಕದ ಮಂಗಳೂರಿನಲ್ಲಿ ಅಳೆದರೆ ಹೆಚ್ಚುಕಡಿಮೆ ಅದೇ ಬರುತ್ತದೆ. 900 ಮೀಟರ್‌ಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಒತ್ತಡ ಸುಮಾರು 910. ಅಲ್ಲಿ ಅದೇ ದ್ರವ ಮೂರು ಡಿಗ್ರಿಯಷ್ಟು ಮೊದಲೇ ಕುದಿಯುತ್ತದೆ. ಒತ್ತಡ ಬರೆಯದಿದ್ದರೆ ಅಂಕಿಗೆ ಅರ್ಥವೇ ಇಲ್ಲ.

ಜೊತೆಗೆ ಯಾವ ವಿಧಾನ (ಕುದಿಬಿಂದುವಿಗೆ ಒಇಸಿಡಿಯ 103ನೇ ಪರೀಕ್ಷಾ ಮಾರ್ಗಸೂಚಿ), ಇದು ಮುಖ್ಯ ಅಧ್ಯಯನವೋ ಪೂರಕವೋ, ಎಷ್ಟು ನಂಬಬಹುದು ಎಂದೂ ಹೇಳಬೇಕು. ನಂಬಿಕೆಗೆ 1ರಿಂದ 4ರವರೆಗೆ ಅಂಕ. 1 ಎಂದರೆ ಪೂರ್ತಿ ನಂಬಬಹುದು, 2 ಎಂದರೆ ಕೆಲವು ಮಿತಿಗಳಿದ್ದರೂ ನಂಬಬಹುದು, 3 ಎಂದರೆ ನಂಬುವಂತಿಲ್ಲ, 4 ಎಂದರೆ ಹೇಳಲು ವಿವರ ಸಾಲದು. ಎಲ್ಲದಕ್ಕೂ 1 ಹಾಕುವ ಚಾಳಿ ಬೇಡ. ಯಾಕೆ ಆ ಅಂಕ ಎಂಬ ಎರಡು ಸಾಲಿನಲ್ಲೇ ನಿಮ್ಮ ಪ್ರಾಮಾಣಿಕತೆ ಕಾಣುತ್ತದೆ.

ಕೆಲವು ಪರೀಕ್ಷೆ ಬೇಕಾಗುವುದಿಲ್ಲ. ದ್ರವಕ್ಕೆ ಕಣಗಳ ಗಾತ್ರ ಅಳೆಯುವುದು ಹೇಗೆ? ಹಾಗೆಂದು ಜಾಗ ಖಾಲಿ ಬಿಡುವಂತಿಲ್ಲ. 'ಡೇಟಾ ವೇವಿಂಗ್' ಆರಿಸಿ, ಇದು ಘನ ರೂಪದಲ್ಲಿ ಮಾರಾಟವಾಗುವುದಿಲ್ಲ ಎಂಬ ಕಾರಣ ಕೊಡಿ.

ಪ್ರಾಣಿಗಳ ಮೇಲಿನ ಪರೀಕ್ಷೆ ಕೊನೆಯ ದಾರಿ ಎಂದು ಕಾನೂನೇ ಹೇಳುತ್ತದೆ. ಇರುವ ಮಾಹಿತಿ, ಹತ್ತಿರದ ರಚನೆಯ ವಸ್ತುವಿನ ಮಾಹಿತಿ, ಕಂಪ್ಯೂಟರ್ ಲೆಕ್ಕ ಇವನ್ನೆಲ್ಲ ಮೊದಲು ತಡಕಿ. ಮಾಡಲೇಬೇಕಾದರೆ ವಿಷಗುಣದ ಪರೀಕ್ಷೆಗಳು ಜಿಎಲ್‌ಪಿ, ಅಂದರೆ ಉತ್ತಮ ಪ್ರಯೋಗಾಲಯ ಪದ್ಧತಿಯ, ಮಾನ್ಯತೆ ಇರುವ ಲ್ಯಾಬ್‌ನಲ್ಲೇ ಆಗಬೇಕು. ಭಾರತ 2011ರಿಂದ ಒಇಸಿಡಿಯ ಪರಸ್ಪರ ಮಾನ್ಯತೆ ವ್ಯವಸ್ಥೆಯಲ್ಲಿದೆ. ಹಾಗಾಗಿ ನಮ್ಮ ಜಿಎಲ್‌ಪಿ ಲ್ಯಾಬ್‌ಗಳ ವರದಿ ಯುರೋಪಿನಲ್ಲೂ ನಡೆಯುತ್ತದೆ. ಬೆಂಗಳೂರಿನಲ್ಲೂ ಅಂಥ ಲ್ಯಾಬ್‌ಗಳಿವೆ.

ವಿಭಾಗ 2ರಲ್ಲಿ ವರ್ಗೀಕರಣ. ಈಥೈಲ್ ಅಸಿಟೇಟ್‌ಗೆ ಸಿಗುವ ಅಪಾಯದ ಸಂಕೇತಗಳು ಎಚ್225, ಎಚ್319, ಎಚ್336. ಬಹಳ ಬೇಗ ಹೊತ್ತಿಕೊಳ್ಳುವ ದ್ರವ, ಕಣ್ಣಿಗೆ ತೀವ್ರ ಉರಿ, ಮಂಪರು ಅಥವಾ ತಲೆಸುತ್ತು. ಡ್ರಮ್‌ನ ಚೀಟಿಯ ಮೇಲೂ ಸುರಕ್ಷತಾ ಹಾಳೆಯಲ್ಲೂ ಇದೇ ಇರಬೇಕು. ಗೋದಾಮಿನಲ್ಲಿ ಡ್ರಮ್ ಉರುಳಿಸುವ ಮನುಷ್ಯ ಡಾಸಿಯರ್ ಓದುವುದಿಲ್ಲ, ಚೀಟಿ ಓದುತ್ತಾನೆ. ಎರಡೂ ಕಡೆ ಬೇರೆ ಬೇರೆ ಇದ್ದರೆ ಸಲ್ಲಿಸುವುದನ್ನು ಅಲ್ಲಿಗೇ ನಿಲ್ಲಿಸಿ, ಯಾವುದು ಸರಿ ಎಂದು ಮೊದಲು ನೋಡಿ.

ಡೇಟಾಸೆಟ್ ಬೇರೆ, ಡಾಸಿಯರ್ ಬೇರೆ

ಹೊಸಬರು ಎಡವುವುದು ಇಲ್ಲೇ. ಇಷ್ಟು ಹೊತ್ತು ನೀವು ತುಂಬಿದ್ದು ಡೇಟಾಸೆಟ್. ಅದನ್ನು ಯಾವಾಗ ಬೇಕಾದರೂ ತಿದ್ದಬಹುದು. 'ಕ್ರಿಯೇಟ್ ಡಾಸಿಯರ್' ಒತ್ತಿದಾಗ ಆ ಕ್ಷಣದ ಫೋಟೊ ತೆಗೆದಂತೆ ಒಂದು ಪ್ರತಿ ಆಗುತ್ತದೆ. ಫೋಟೊ ತಿದ್ದಲಾಗದು. ತಪ್ಪು ಕಂಡರೆ ಡೇಟಾಸೆಟ್‌ಗೆ ಹೋಗಿ ಸರಿಮಾಡಿ, ಹೊಸ ಡಾಸಿಯರ್ ಮಾಡಬೇಕು.

ಅದಕ್ಕೂ ಮೊದಲು 'ವ್ಯಾಲಿಡೇಶನ್ ಅಸಿಸ್ಟೆಂಟ್' ಓಡಿಸಿ. ತಡೆಯುವ ತಪ್ಪುಗಳು ಒಂದು ಕಡೆ, ಗುಣಮಟ್ಟದ ಎಚ್ಚರಿಕೆಗಳು ಇನ್ನೊಂದು ಕಡೆ ಬರುತ್ತವೆ. ಮೊದಲನೆಯವು ಸೊನ್ನೆ ಆಗಲೇಬೇಕು. ಎರಡನೆಯವನ್ನೂ ಒಂದೊಂದಾಗಿ ಓದಿ. ಡಾಸಿಯರ್ ಆದ ಮೇಲೆ ಮತ್ತೊಮ್ಮೆ ಓಡಿಸಿ, ಹೆಡರ್‌ನ, ಅಂದರೆ ಡಾಸಿಯರ್‌ನ ತಲೆಪುಟದ, ತಪ್ಪುಗಳು ಆಗಷ್ಟೇ ಕಾಣುತ್ತವೆ. ಎಕಾ ಜಾಲತಾಣದಲ್ಲಿ ಸಾರ್ವಜನಿಕರಿಗೆ ಏನೇನು ಕಾಣುತ್ತದೆ ಎಂಬುದರ ಮುನ್ನೋಟವೂ ಸಿಗುತ್ತದೆ. ಅದನ್ನು ನೋಡದೆ ಕಳಿಸಬೇಡಿ. ಯಾವುದನ್ನಾದರೂ ಗುಟ್ಟಾಗಿಡಬೇಕಾದರೆ ಕಾರಣ ಬರೆಯಬೇಕು, ಅನೇಕ ವಿಷಯಗಳಿಗೆ ಪ್ರತ್ಯೇಕ ಶುಲ್ಕವೂ ಉಂಟು.

ಕೊನೆಗೆ ಎಕ್ಸ್‌ಪೋರ್ಟ್. ಐ6ಜೆಡ್ ಎಂಬ ಬಾಲದ ಫೈಲ್ ಬರುತ್ತದೆ. ಅದನ್ನು ಓಆರ್ ರೀಚ್-ಐಟಿಯಲ್ಲಿ ಏರಿಸುತ್ತಾರೆ. ಶುಲ್ಕದ ಬಿಲ್ ಬರುತ್ತದೆ. ಸಣ್ಣ ಉದ್ದಿಮೆಗಳಿಗೆ ರಿಯಾಯಿತಿ ಇದೆ, ಆದರೆ ಲೆಕ್ಕಕ್ಕೆ ಹಿಡಿಯುವುದು ಓಆರ್ ಗಾತ್ರವನ್ನಲ್ಲ, ನಿಮ್ಮ ಕಂಪನಿಯ ಗಾತ್ರವನ್ನು. ಪುರಾವೆ ಕಾಗದ ತಯಾರಿರಲಿ.

ಪೂರ್ಣತೆಯ ತಪಾಸಣೆಗೆ ಮೂರು ವಾರ. 2016ರ ಜೂನ್‌ನಿಂದ ಕೆಲವು ಭಾಗಗಳನ್ನು, ವಸ್ತುವಿನ ಗುರುತೂ ಸೇರಿ, ಎಕಾ ಸಿಬ್ಬಂದಿಯೇ ಕಣ್ಣಾರೆ ಓದುತ್ತಾರೆ. ಹಾಗಾಗಿ ವ್ಯಾಲಿಡೇಶನ್‌ನಲ್ಲಿ ಪಾಸಾಯಿತು ಎಂದು ನಿರಾಳ ಆಗುವಂತಿಲ್ಲ. ಕೊರತೆ ಕಂಡರೆ ಸರಿಪಡಿಸಲು ಗಡುವು ಕೊಡುತ್ತಾರೆ. ಆಗಲೂ ಸರಿಯಾಗದಿದ್ದರೆ ನೋಂದಣಿ ತಿರಸ್ಕಾರ, ಶುಲ್ಕ ವಾಪಸ್ ಇಲ್ಲ.

ಎಲ್ಲ ಸರಿಯಾದರೆ 01ರಿಂದ ಶುರುವಾಗುವ ನೋಂದಣಿ ಸಂಖ್ಯೆ ಬರುತ್ತದೆ. ಸುರಕ್ಷತಾ ಹಾಳೆಯ ಮೊದಲ ವಿಭಾಗಕ್ಕೆ ಅದು ಹೋಗುತ್ತದೆ. ಬ್ರಿಟನ್‌ಗೂ ಮಾಲು ಹೋಗುತ್ತದೆಯಾದರೆ ಈ ಸಂಖ್ಯೆ ಅಲ್ಲಿ ನಡೆಯುವುದಿಲ್ಲ. 2021ರ ಜನವರಿಯಿಂದ ಅವರದು ಬೇರೆ ರೀಚ್.

ಡಾಸಿಯರ್ ಕಳಿಸಿದ ಮೇಲೂ ಡೇಟಾಸೆಟ್ ಜೋಪಾನವಾಗಿರಲಿ. ಸಂಯೋಜನೆ ಬದಲಾದರೆ 3 ತಿಂಗಳೊಳಗೆ ಅಪ್‌ಡೇಟ್ ಕಳಿಸಬೇಕು ಎಂದು 2020ರ ನಿಯಮ ಹೇಳುತ್ತದೆ. ಕಾರ್ಖಾನೆಯಲ್ಲಿ ಎಥನಾಲ್ ಕೊಡುವವರು ಬದಲಾದರು, ಹೊಸ ಕಲ್ಮಶ ಕಾಣಿಸಿತು ಎಂಬ ಸುದ್ದಿ ಆಫೀಸಿಗೆ ತಾನಾಗಿ ಬರುವುದಿಲ್ಲ. ಪ್ಲಾಂಟ್‌ನವರಿಗೂ ಲ್ಯಾಬ್‌ನವರಿಗೂ ನಿಮ್ಮ ಫೋನ್ ನಂಬರ್ ಕೊಟ್ಟು, ಏನಾದರೂ ಬದಲಾದ ದಿನವೇ ತಿಳಿಸುವಂತೆ ಈಗಲೇ ಹೇಳಿಡಿ.