ಪುದೀನ ಎಲೆಯ ವೈರಸ್‌ನ ಪೂರ್ಣ ಜೀನೋಮ್ ಓದುವ ಕ್ರಮ

ಪುದೀನವನ್ನು ಬಹುಪಾಲು ಬೇರುಕಾಂಡದ ತುಂಡುಗಳಿಂದ ಬೆಳೆಸುವುದರಿಂದ ತಾಯಿಗಿಡದ ವೈರಸ್‌ಗಳು ಹೊಸ ಗಿಡಕ್ಕೂ ದಾಟಿ ಒಟ್ಟುಗೂಡುತ್ತ ಹೋಗುತ್ತವೆ. 'ವೇರಿಗೇಟಾ' ಎಂಬ ಚಿತ್ರವರ್ಣದ ತಳಿಯಲ್ಲಿ ಮಿಂಟ್ ವೈರಸ್ 1, ಮಿಂಟ್ ವೈರಸ್ ಎಕ್ಸ್ ಮತ್ತು ಸ್ಟ್ರಾಬೆರಿ ಲೇಟೆಂಟ್ ರಿಂಗ್‌ಸ್ಪಾಟ್ ವೈರಸ್ ಈ ಮೂರೂ ಕಂಡುಬಂದಿವೆ. ಆದ್ದರಿಂದ ಇಂಥದೇ ವೈರಸ್ ಇರಬೇಕೆಂದು ಊಹಿಸಿ ಪಿಸಿಆರ್‌ನಿಂದ (ಮೊದಲೇ ಗೊತ್ತಿರುವ ಸರಣಿಯ ಪ್ರತಿಗಳನ್ನು ಹೆಚ್ಚಿಸಿ ಪತ್ತೆಹಚ್ಚುವ ವಿಧಾನ) ಆರಂಭಿಸುವುದಕ್ಕಿಂತ, ಎಲೆಯ ಒಟ್ಟು ಆರ್‌ಎನ್‌ಎಯನ್ನೇ ಸೀಕ್ವೆನ್ಸ್ ಮಾಡುವುದು, ಅಂದರೆ ಅದರ ಅಕ್ಷರಸರಣಿಯನ್ನು ಓದುವುದು ಮೇಲು; ಈ ವೈರಸ್‌ಗಳ ಜೀನೋಮ್ (ಪೂರ್ತಿ ಆನುವಂಶಿಕ ವಸ್ತು) ಆರ್‌ಎನ್‌ಎಯೇ.

ರೋಗಲಕ್ಷಣವಿರುವ ಎಳೆಯ ಎಲೆಗಳನ್ನೂ, ಹೋಲಿಕೆಗಾಗಿ ಆರೋಗ್ಯವಂತ ಗಿಡದ ಎಲೆಗಳನ್ನೂ ಕಿತ್ತ ಕೂಡಲೇ ದ್ರವ ಸಾರಜನಕದಲ್ಲಿ ಹೆಪ್ಪುಗಟ್ಟಿಸಿ, ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಪುದೀನದಲ್ಲಿ ಪಾಲಿಫೀನಾಲ್‌ಗಳು ಹೇರಳವಾಗಿರುವುದರಿಂದ ಅರೆದ ಎಲೆಯ ದ್ರಾವಣ ಬೇಗನೆ ಕಂದು ಬಣ್ಣಕ್ಕೆ ತಿರುಗುತ್ತದೆ. ಪಾಲಿಸ್ಯಾಕರೈಡ್‌ಗಳು (ಸಕ್ಕರೆಯ ಉದ್ದ ಸರಪಳಿಗಳು) ಉಳಿದುಕೊಂಡರೆ ಕೊಳವೆಯ ತಳದಲ್ಲಿ ಆರ್‌ಎನ್‌ಎ ಲೋಳೆಯಂತೆ ಕೂರುತ್ತದೆ. ಇದನ್ನು ತಡೆಯಲು ಸಿಟಿಎಬಿ ಎಂಬ ಮಾರ್ಜಕದ ದ್ರಾವಣಕ್ಕೆ ಪಾಲಿಫೀನಾಲ್‌ಗಳನ್ನು ಹಿಡಿದಿಡುವ ಪಿವಿಪಿಯನ್ನೂ ಕಂದಾಗುವುದನ್ನು ತಡೆಯುವ ಬೀಟಾ-ಮರ್ಕ್ಯಾಪ್ಟೊಎಥನಾಲನ್ನೂ ಸೇರಿಸಿ ಆರ್‌ಎನ್‌ಎ ಬೇರ್ಪಡಿಸಿ, ಬಳಿಕ ಉಳಿದ ಡಿಎನ್‌ಎಯನ್ನು ಕತ್ತರಿಸುವ ಡಿಎನ್‌ಏಸ್ ಕಿಣ್ವದ ಉಪಚಾರ ಕೊಡಬೇಕು. ಆರ್‌ಎನ್‌ಎಯ ಶುದ್ಧತೆ ತಿಳಿಸುವ 260/280 ಅನುಪಾತ (260 ಮತ್ತು 280 ನ್ಯಾನೊಮೀಟರ್ ಬೆಳಕನ್ನು ಹೀರುವ ಪ್ರಮಾಣಗಳ ಅನುಪಾತ) 2ರ ಆಸುಪಾಸಿನಲ್ಲಿದ್ದ ಮಾತ್ರಕ್ಕೆ ತೃಪ್ತರಾಗದೆ 260/230 ಅನುಪಾತವನ್ನೂ ನೋಡಬೇಕು, ಏಕೆಂದರೆ ಇಂಥ ಗಿಡಗಳಲ್ಲಿ ಕಲ್ಮಶ ಬಯಲಾಗುವುದು ಹೆಚ್ಚಾಗಿ ಅಲ್ಲಿಯೇ.

ಲೈಬ್ರರಿ (ಸೀಕ್ವೆನ್ಸಿಂಗ್ ಯಂತ್ರಕ್ಕೆ ಹಾಕಲು ತಯಾರಿಸಿದ ತುಣುಕುಗಳ ಸಂಗ್ರಹ) ಸಿದ್ಧಪಡಿಸುವ ಹಂತದ ಆಯ್ಕೆ ಉಳಿದೆಲ್ಲಕ್ಕಿಂತ ಮುಖ್ಯವಾದುದು. ಪಾಲಿ-ಎ ಬಾಲವಿರುವ (ತುದಿಯಲ್ಲಿ ಸಾಲಾಗಿ ಎ ಅಕ್ಷರಗಳಿರುವ) ಆರ್‌ಎನ್‌ಎಯನ್ನಷ್ಟೇ ಹಿಡಿಯುವ ವಿಧಾನವನ್ನು ಬಳಸಿದರೆ ಪೊಟೆಕ್ಸ್‌ವೈರಸ್ ಗುಂಪಿನ ಮಿಂಟ್ ವೈರಸ್ ಎಕ್ಸ್ ಸಿಗುತ್ತದೆ, ಆದರೆ ಆ ಬಾಲವಿಲ್ಲದ ಕ್ಲೊಸ್ಟೆರೊವೈರಸ್ ಗುಂಪಿನ ಮಿಂಟ್ ವೈರಸ್ 1 ಬಹುತೇಕ ಕೈತಪ್ಪುತ್ತದೆ. ಗಿಡದ ಆರ್‌ಎನ್‌ಎಯಲ್ಲಿ ಬಹುಪಾಲಾದ ರೈಬೊಸೋಮಿನ ಆರ್‌ಎನ್‌ಎಯನ್ನಷ್ಟೇ ತೆಗೆದುಹಾಕುವ ವಿಧಾನದಲ್ಲಿ ಬಾಲವಿಲ್ಲದವೂ ಉಳಿಯುವುದರಿಂದ ಈ ತೊಡಕಿಲ್ಲ. ಖರ್ಚು ಹೆಚ್ಚಾದರೂ ಅದನ್ನೇ ಆರಿಸಬೇಕೆಂಬುದು ನನ್ನ ಅಭಿಪ್ರಾಯ.

ಬಂದ ರೀಡ್‌ಗಳಿಂದ (ಯಂತ್ರ ಓದಿದ ಚಿಕ್ಕ ಸರಣಿಗಳಿಂದ) ಅಡಾಪ್ಟರ್‌ಗಳನ್ನು, ಅಂದರೆ ಲೈಬ್ರರಿಗಾಗಿ ಅಂಟಿಸಿದ ಕೃತಕ ತುದಿಗಳನ್ನು, ಫಾಸ್ಟ್‌ಪಿಯಂಥ ತಂತ್ರಾಂಶದಿಂದ ಕತ್ತರಿಸಿ, ಸ್ಪೇಡ್ಸ್ ಎಂಬ ತಂತ್ರಾಂಶದಲ್ಲಿ ಜೋಡಿಸಿ, ಹಾಗೆ ದೊರೆತ ಉದ್ದ ಸರಣಿಗಳಾದ ಕಾಂಟಿಗ್‌ಗಳನ್ನು ಪ್ರೋಟೀನ್ ದತ್ತಾಂಶದೊಡನೆ ಹೋಲಿಸುವ ಬ್ಲಾಸ್ಟ್‌ಎಕ್ಸ್ ಮೂಲಕ ಹುಡುಕಬೇಕು. ಪ್ರೋಟೀನ್ ಮಟ್ಟದ ಈ ಹುಡುಕಾಟ ದೂರದ ಸಂಬಂಧಿಗಳನ್ನೂ ಗುರುತಿಸಬಲ್ಲದು. ಆರೋಗ್ಯವಂತ ಮಾದರಿಯಲ್ಲಿ ಅದೇ ವೈರಸ್‌ನ ಬೆರಳೆಣಿಕೆಯ ರೀಡ್‌ಗಳು ಕಂಡರೆ ಅದು ಇಂಡೆಕ್ಸ್ (ಮಾದರಿಯನ್ನು ಗುರುತಿಸುವ ಚಿಕ್ಕ ಸರಣಿ) ಅದಲುಬದಲಿನ ಫಲವಾಗಿರಬಹುದು.

ಉದ್ದನೆಯ ಕಾಂಟಿಗ್ ಸಿಕ್ಕಿತೆಂದರೆ ಪೂರ್ಣ ಜೀನೋಮ್ ಸಿಕ್ಕಿತೆಂದಲ್ಲ. ರೀಡ್‌ಗಳನ್ನು ಮರಳಿ ಅದರ ಮೇಲೆ ಹೊಂದಿಸಿದಾಗ ಎರಡೂ ತುದಿಗಳಲ್ಲಿ ಅವುಗಳ ಸಂಖ್ಯೆ ಕುಸಿಯುವುದು ಕಾಣುತ್ತದೆ. ತುದಿಗಳನ್ನು ರೇಸ್ ವಿಧಾನದಿಂದಲೇ (ಗೊತ್ತಿರುವ ಭಾಗದಿಂದ ಆರಂಭಿಸಿ ತುದಿಯವರೆಗಿನ ಸರಣಿಯನ್ನು ಪಿಸಿಆರ್‌ನಿಂದ ಪಡೆಯುವ ವಿಧಾನ) ನಿರ್ಧರಿಸಬೇಕು; ಪಾಲಿ-ಎ ಇಲ್ಲದ 3' ತುದಿಗೆ (ಆರ್‌ಎನ್‌ಎಯ ಕೊನೆಗೆ) ಮೊದಲು ಪಾಲಿ-ಎ ಪಾಲಿಮರೇಸ್ ಕಿಣ್ವದಿಂದ ಬಾಲ ಜೋಡಿಸಿಕೊಳ್ಳಬೇಕಾಗುತ್ತದೆ. ನಡುವೆ ರೀಡ್‌ಗಳು ವಿರಳವಾದ ಕಡೆ, ಎರಡು ವೈರಸ್‌ಗಳ ತುಣುಕುಗಳು ತಪ್ಪಾಗಿ ಬೆಸೆದಿಲ್ಲವೆಂದು ಒಂದೊಂದು ತುಣುಕನ್ನೇ ಓದುವ ಸ್ಯಾಂಗರ್ ಸೀಕ್ವೆನ್ಸಿಂಗ್‌ನಿಂದ ಖಚಿತಪಡಿಸಿಕೊಂಡ ಬಳಿಕವೇ ಸರಣಿಗಳ ಸಾರ್ವಜನಿಕ ಭಂಡಾರವಾದ ಜೆನ್‌ಬ್ಯಾಂಕ್‌ಗೆ ಸಲ್ಲಿಸಬೇಕು.